ಎಲೆಕ್ಟ್ರಿಕ್ ಗಿಟಾರ್ ಸದ್ದು ತೆಳುವಾಗಿದೆಯೇ? ಪಿಕಪ್ ಬದಲಿಸುವ ಮುನ್ನ ಇದನ್ನು ನೋಡಿ

ತಂತಿಯ ಕಂಪನವನ್ನು ಸಿಗ್ನಲ್ ಮಾಡುವ ಪಿಕಪ್‌ಗಳಲ್ಲಿ ನೆಕ್ (ಕತ್ತಿನ ಕಡೆಯದು), ಬ್ರಿಡ್ಜ್ (ತಂತಿಯ ಕೆಳತುದಿಯ ಕಡೆಯದು) ಬೇರೆಬೇರೆಯಾಗಿ ಸರಿಯಿದ್ದು, ಎರಡೂ ಒಟ್ಟಿಗೆ ನುಡಿಯುವಂತೆ ಸ್ವಿಚ್ ನಡುವಿಗೆ ತಂದಾಗ ಮಾತ್ರ ಬೇಸ್ (ತಗ್ಗು ಸ್ವರಗಳ ಗಾಢತೆ) ಮಾಯವಾದರೆ ಅದು ಫೇಸ್ ಉಲ್ಟಾ ಆಗಿರುವುದರ ಲಕ್ಷಣ; ಎರಡರ ಸಿಗ್ನಲ್ ಒಂದನ್ನೊಂದು ಕಳೆಯುತ್ತಿವೆ. ಹೊಸ ಪಿಕಪ್ ಹಾಕಿಸಿದವರಿಗೇ ಇದು ಹೆಚ್ಚು.

ಗಿಟಾರ್‌ಗೆ ಕೇಬಲ್ ಚುಚ್ಚಿ, ವಾಲ್ಯೂಮ್ ಪೂರ್ತಿ ಏರಿಸಿ, ಇನ್ನೊಂದು ತುದಿಗೆ ಮಲ್ಟಿಮೀಟರ್ ಹಿಡಿಯಿರಿ (20ಕೆ ಓಮ್ ರೇಂಜ್‌ನಲ್ಲಿ). ಸ್ಕ್ರೂಡ್ರೈವರನ್ನು ಪಿಕಪ್ ಮೇಲಿಟ್ಟು ಥಟ್ಟನೆ ಎತ್ತಿ. ಒಂದಕ್ಕೆ ರೀಡಿಂಗ್ ಏರಿ ಇನ್ನೊಂದಕ್ಕೆ ಇಳಿದರೆ, ಒಂದರ ಹಾಟ್ (ಸಿಗ್ನಲ್ ಒಯ್ಯುವುದು), ಗ್ರೌಂಡ್ ವೈರ್ ಅದಲುಬದಲು ಮಾಡಿ ಬೆಸೆಯಿರಿ. ಇದಕ್ಕೆ ಲೋಹದ ಕವರ್ ಇಲ್ಲದ ಪಿಕಪ್ಪನ್ನೇ ಆರಿಸಿ. ಇಲ್ಲದಿದ್ದರೆ ಕವರ್ ಹಾಟ್ ಆಗಿ, ಕೈ ತಾಗಿದಾಗೆಲ್ಲ ಗುಂಯ್ ಎನ್ನುತ್ತದೆ.

ಹಂಬಕರ್ (ಎರಡು ಕಾಯಿಲ್‌ನ ಪಿಕಪ್) ಒಂಟಿಯಾಗಿಯೂ ತೆಳುವೇ? ಸುಮಾರು 8ಕೆ ಓಮ್ ಇರಬೇಕಾದದ್ದು 4ಕೆ ತೋರಿಸಿದರೆ ಒಂದು ಕಾಯಿಲ್ ಗ್ರೌಂಡ್‌ಗೆ ತಾಗಿದೆ. ಅಥವಾ ಸ್ಪ್ಲಿಟ್ ಸ್ವಿಚ್ (ಒಂದೇ ಕಾಯಿಲ್ ನುಡಿಯುವಂತೆ ಮಾಡುವುದು) ಎಳೆದೇ ಇದೆ. ನಗಬೇಡಿ, ಮೊದಲು ಅದನ್ನೇ ನೋಡಿ.