ಮುಕ್ತಿ ಬಾವುಟದ ಬೆಲೆ ಬರೆದಿರಿ, ಮುಕ್ತಿ ಅಂದರೆ ಏನು?

ಸಂಪಾದಕರಿಗೆ ನಮಸ್ಕಾರ,

ನಮ್ಮ ಜಿಲ್ಲೆಯ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಜಾತ್ರೆಯ ಸುದ್ದಿಯನ್ನು ನಿಮ್ಮ ಪತ್ರಿಕೆಯಲ್ಲಿ ತಪ್ಪದೆ ಓದುತ್ತೇನೆ. ಫಾಲ್ಗುಣದಲ್ಲಿ ದೊಡ್ಡ ತೇರು ಎಳೆಯುವ ಮೊದಲು ಆ ತೇರಿನ ಮುಕ್ತಿ ಬಾವುಟದ ಹರಾಜು ನಡೆಯುತ್ತದೆ. ಈಚಿನ ವರ್ಷಗಳಲ್ಲಿ ಅದು 50 ಲಕ್ಷ ದಾಟಿ ಹೋಗುತ್ತಿದೆ. ತಲೆಬರಹದಲ್ಲಿ ಮೊತ್ತ ಇರುತ್ತದೆ, ಪಕ್ಕದಲ್ಲಿ ಬಾವುಟ ಹಿಡಿದವರ ಫೋಟೋ ಇರುತ್ತದೆ. ಮುಕ್ತಿ ಅಂದರೆ ಏನು ಎಂದು ಮಾತ್ರ ಒಂದು ಸಾಲೂ ಇರುವುದಿಲ್ಲ.

ಹರಾಜಿನ ಬಗ್ಗೆ ನನ್ನ ತಕರಾರೇನೂ ಇಲ್ಲ. ಭಕ್ತಿಯಿಂದ ಕೂಗುತ್ತಾರೆ, ದುಡ್ಡು ದೇವಸ್ಥಾನಕ್ಕೆ ಸೇರುತ್ತದೆ. ಈ ಪತ್ರಕ್ಕೆ ಕಾರಣ ನನ್ನ ಗೆಳೆಯ. ಹೋಟೆಲಿನಲ್ಲಿ ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಾ ಆ ಸುದ್ದಿ ಓದಿ, “ಇಷ್ಟು ದುಡ್ಡು ನಾವು ಎಲ್ಲಿಂದ ತರೋಣ? ನಮಗೆ ಮುಕ್ತಿ ಇಲ್ಲ ಬಿಡಪ್ಪ” ಎಂದ. ಎಲ್ಲರೂ ನಕ್ಕೆವು. ಮನೆಗೆ ಬಂದ ಮೇಲೆ ನನಗೆ ನಗು ಬರಲಿಲ್ಲ.

ನಾನು ಚಳ್ಳಕೆರೆಯ ಒಂದು ಶೇಂಗಾ ಮಂಡಿಯಲ್ಲಿ ಮೂವತ್ತು ವರ್ಷ ಲೆಕ್ಕ ಬರೆದವನು. ಹರಾಜಿನ ಸವಾಲು ನನಗೆ ಹೊಸದಲ್ಲ. ಜಾಸ್ತಿ ಕೂಗಿದವನಿಗೆ ಮಾಲು, ಉಳಿದವರಿಗೆ ಖಾಲಿ ಕೈ. ನಮ್ಮ ಶೈವರು ಮುಕ್ತಿಯನ್ನು ಹೀಗೆ ಕೈ ಬದಲಾಯಿಸುವ ಮಾಲು ಎಂದು ಎಲ್ಲೂ ಹೇಳಿಲ್ಲ.

ತಮಿಳುನಾಡಿನ ಶೈವ ಸಿದ್ಧಾಂತಿಗಳು ಪತಿ, ಪಶು, ಪಾಶ ಎನ್ನುತ್ತಾರೆ. ಪತಿ ಶಿವ, ಪಶು ನಾವು, ಪಾಶ ಹಗ್ಗ. ಆ ಹಗ್ಗ ಬಿಚ್ಚುವುದೇ ಮುಕ್ತಿ. ದನ ಕಟ್ಟಿದ ಮನೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಹಗ್ಗಕ್ಕೆ ಮೂರು ಎಳೆ: ಆಣವ, ಕರ್ಮ, ಮಾಯೆ. ಕರ್ಮ, ಮಾಯೆ ಎಲ್ಲರೂ ಕೇಳಿದ ಮಾತು. ಆಣವವೇ ಮೂಲದ ಎಳೆ. ‘ಅಣು’ ಎಂಬುದರಿಂದ ಬಂದ ಹೆಸರು. ಎಲ್ಲೆಲ್ಲೂ ಇರಬೇಕಾದ ಅರಿವನ್ನು ಅಣುವಿನಷ್ಟು ಕುಗ್ಗಿಸಿ, ನಾನು ಇಷ್ಟೇ ಎನ್ನಿಸುವ ಕೊಳೆ ಅದು.

ಇದು ನನಗೆ ಅರ್ಥವಾದದ್ದು ಮಂಡಿಯಿಂದಲೇ. ನಮ್ಮ ಸಾಹುಕಾರರು ಅಷ್ಟು ವರ್ಷದಲ್ಲಿ ಒಮ್ಮೆಯೂ ನನ್ನನ್ನು ಹೆಸರು ಹಿಡಿದು ಕರೆಯಲಿಲ್ಲ. “ಏ ಲೆಕ್ಕದೋನೇ” ಎನ್ನುತ್ತಿದ್ದರು. ಬರಬರುತ್ತಾ ಮದುವೆ ಮನೆಗೆ ಹೋದರೂ ನಾನು ಲೆಕ್ಕದೋನ ಹಾಗೇ ಮೂಲೆಯಲ್ಲಿ ನಿಲ್ಲುತ್ತಿದ್ದೆ. ಕೆಲಸ ಬಿಟ್ಟ ಮೇಲೆ ಆರು ತಿಂಗಳು ನಾನು ಯಾರು ಎಂದೇ ತೋಚಲಿಲ್ಲ. ಸಾಹುಕಾರರದು ಬರೀ ಬಾಯಿಮಾತು. ನಂಬಿದವನು ನಾನು. ಸಿದ್ಧಾಂತಿಗಳ ಆಣವ ಇದಕ್ಕಿಂತ ತುಂಬಾ ಹಳೆಯದು, ಅದಕ್ಕೆ ಶುರುವೇ ಇಲ್ಲ. ಭತ್ತದ ಹೊಟ್ಟಿನಂತೆ, ತಾಮ್ರದ ಕಿಲುಬಿನಂತೆ ಜೊತೆಯಲ್ಲೇ ಬಂದದ್ದು ಎನ್ನುತ್ತಾರೆ.

ಹಾಗಾದರೆ ಈ ಕೊಳೆ ಹೋಗುವುದು ಹೇಗೆ? ಇಲ್ಲಿ ಶೈವರಲ್ಲೇ ಜಗಳ ಇದೆ. ನನಗೆ ಈ ಜಗಳ ಬಹಳ ಇಷ್ಟ. ಸಿದ್ಧಾಂತಿಗಳು ಕಣ್ಣಿನ ಪೊರೆಯ ಉದಾಹರಣೆ ಕೊಡುತ್ತಾರೆ. ಕಣ್ಣಿಗೆ ಪೊರೆ ಬಂದಿದೆ ಎಂದು ತಿಳಿದ ಮಾತ್ರಕ್ಕೆ ಅದು ಹೋಗುವುದಿಲ್ಲ, ವೈದ್ಯನ ಕೈ ಆಡಬೇಕು. ಹಾಗೆಯೇ ಶಿವನೇ ಗುರುವಿನ ಮೂಲಕ ದೀಕ್ಷೆ ಕೊಟ್ಟು ತೆಗೆಯಬೇಕು. ಕಾಶ್ಮೀರದ ಶೈವರು ಇದನ್ನು ಒಪ್ಪುವುದಿಲ್ಲ. ತೆಗೆಯಲು ಅಲ್ಲಿ ಬೇರೆ ವಸ್ತು ಏನೂ ಇಲ್ಲ, ಗುರುತು ಸಿಕ್ಕಿಲ್ಲ ಅಷ್ಟೇ ಎನ್ನುತ್ತಾರೆ. 10ನೇ ಶತಮಾನದ ಉತ್ಪಲದೇವ ಒಂದು ಹೆಣ್ಣಿನ ಮಾತು ತರುತ್ತಾನೆ. ಅವಳು ಒಬ್ಬನ ಗುಣ ಕೇಳಿ ಕೇಳಿ ಮನಸೋತಿದ್ದಾಳೆ, ಮುಖ ಕಂಡಿಲ್ಲ. ಅವನೇ ಬಂದು ಎದುರಿಗೆ ನಿಂತರೂ ಯಾರೋ ದಾರಿಹೋಕ ಎಂದುಕೊಳ್ಳುತ್ತಾಳೆ. ಇವನೇ ಅವನು ಎಂದು ತಿಳಿಯುವವರೆಗೂ ಅವಳ ಸಂಕಟ ತೀರುವುದಿಲ್ಲ. ಶಿವನೂ ಹೀಗೆ ನಮ್ಮೊಳಗೆ ನಾವೇ ಆಗಿ ನಿಂತಿದ್ದಾನೆ, ಗುರುತು ಹಿಡಿಯಬೇಕು. ಆ ದರ್ಶನದ ಹೆಸರೇ ಪ್ರತ್ಯಭಿಜ್ಞೆ, ಅಂದರೆ ಗುರುತು ಹಿಡಿಯುವುದು.

ಮನಸ್ಸು ಉತ್ಪಲದೇವನ ಕಡೆ ವಾಲುತ್ತದೆ. ಆದರೆ ಹೋದ ವರ್ಷ ಎರಡೂ ಕಣ್ಣಿನ ಪೊರೆ ತೆಗೆಸಿಕೊಂಡವನು ನಾನು. ಸಿದ್ಧಾಂತಿಗಳನ್ನು ಸುಮ್ನೆ ತಳ್ಳಿಹಾಕಲಾರೆ.

ನಮ್ಮ ಶರಣರು ಈ ವಿಷಯವನ್ನು ಅಂಗೈಗೇ ತಂದು ಇಟ್ಟರು. ಗುರುವಿನಿಂದ ಬಂದ ಇಷ್ಟಲಿಂಗವನ್ನು ಎಡಗೈ ಮೇಲಿಟ್ಟು ನೋಡುವುದು. ಗಂಡಸು, ಹೆಂಗಸು, ದುಡಿಯುವವರು, ಎಲ್ಲರೂ. ನಮ್ಮಮ್ಮ ದಿನಾ ಬೆಳಿಗ್ಗೆ ಒಲೆ ಹೊತ್ತಿಸಿ, ಹಾಲು ಕಾಯಲಿಟ್ಟು, ಲಿಂಗ ಹಿಡಿದು ಕೂರುತ್ತಿದ್ದಳು. “ಅದರೊಳಗೆ ಏನ್ ಕಾಣುತ್ತಮ್ಮಾ?” ಎಂದು ಒಮ್ಮೆ ಕೇಳಿದೆ. “ಹಾಲು ಉಕ್ಕುತ್ತೇನೋ ನೋಡು ಹೋಗು” ಎಂದಳು. ಉತ್ತರ ಅಷ್ಟೇ. ಆದರೆ ಆ ಹೊತ್ತಿನಲ್ಲಿ ಅವಳ ಮುಖದಲ್ಲಿ ಸಾಲ ಇರಲಿಲ್ಲ, ಮಳೆ ಬಾರದ ಚಿಂತೆ ಇರಲಿಲ್ಲ. ಚಳ್ಳಕೆರೆ ಸೀಮೆಯ ಹೆಂಗಸಿಗೆ ಅದು ಸಣ್ಣ ಸಂಗತಿಯೇ?

ಈ ನೋಟ ಷಟ್‌ಸ್ಥಲದ, ಅಂದರೆ ಆರು ಮೆಟ್ಟಿಲಿನ, ದಾರಿಯಲ್ಲಿ ಭಕ್ತನಿಂದ ಶುರುವಾಗಿ ಐಕ್ಯದಲ್ಲಿ, ಅಂದರೆ ಲಿಂಗದೊಡನೆ ಒಂದಾಗುವುದರಲ್ಲಿ, ಮುಗಿಯುತ್ತದೆ. ಇಲ್ಲಿ ನಿಮ್ಮ ಮೇಲೆ ಒಂದು ಸಣ್ಣ ದೂರು. ಪತ್ರಿಕೆಗಳಲ್ಲಿ ‘ಲಿಂಗೈಕ್ಯ’ ಎಂಬ ಮಾತು ಬರುವುದು ಯಾರಾದರೂ ತೀರಿಕೊಂಡಾಗ ಮಾತ್ರ. ಶರಣರ ಐಕ್ಯ ಬದುಕಿರುವಾಗಲೇ ಆಗಬೇಕಾದದ್ದು. ಓದಿ ಓದಿ ಜನ ಮುಕ್ತಿ ಎಂದರೆ ಸತ್ತ ಮೇಲಿನ ವಿಷಯ ಎಂದುಕೊಂಡಿದ್ದಾರೆ.

ತಿಪ್ಪೇರುದ್ರಸ್ವಾಮಿಗೆ ಬರುತ್ತೇನೆ. ಅವರು ಬಾವುಟ ಕೊಟ್ಟು ಹೋದವರಲ್ಲ, ಬರಗಾಲದ ಸೀಮೆಯಲ್ಲಿ ಕೆರೆ ಕಟ್ಟಿಸಿದವರು. “ಮಾಡಿದಷ್ಟು ನೀಡು ಭಿಕ್ಷೆ” ಅವರ ಮಾತು. ಎಷ್ಟು ದುಡಿದರೋ ಅಷ್ಟು ಕೂಲಿ ಎಂದು ನಮ್ಮ ಹಿರಿಯರು ಅರ್ಥ ಹೇಳುತ್ತಿದ್ದರು. ಅದನ್ನು ಕೇಳಿದಾಗಲೆಲ್ಲ ನನಗೆ 12ನೇ ಶತಮಾನದ ಇನ್ನೊಬ್ಬ ಕೆರೆ ಕಟ್ಟಿದವನ ನೆನಪು. ಸೊನ್ನಲಿಗೆಯ, ಅಂದರೆ ಇಂದಿನ ಸೊಲ್ಲಾಪುರದ, ಸಿದ್ಧರಾಮ. ಅಲ್ಲಿಗೆ ಅಲ್ಲಮಪ್ರಭು ಬಂದು ಅವನನ್ನು ಬೇಕೆಂದೇ ಕೆಣಕುವ ಪ್ರಸಂಗ ಶರಣರ ಮಾತುಕತೆಗಳ ಗ್ರಂಥವಾದ ಶೂನ್ಯಸಂಪಾದನೆಯಲ್ಲಿದೆ. ಸಿಟ್ಟಾದ ಕೆಲಸಗಾರರು ಅಲ್ಲಮನಿಗೆ ಕಲ್ಲು ಎಸೆಯುತ್ತಾರೆ. ಮಾತು ಬೆಳೆಯುತ್ತದೆ. ಕೆರೆ ಕಟ್ಟುವುದು ತಪ್ಪು ಎಂಬುದು ಅಲ್ಲಮನ ಮಾತಿನ ತಿರುಳಲ್ಲ. ‘ನಾನು ಕಟ್ಟಿಸಿದೆ’ ಎನ್ನುವ ಆ ‘ನಾನು’ ಯಾರು, ಅದನ್ನು ನೋಡಿಕೊಂಡೆಯಾ ಎಂಬುದು. ಸಿದ್ಧರಾಮ ಕೊನೆಗೆ ಅವನ ಜೊತೆ ಕಲ್ಯಾಣಕ್ಕೆ ಹೊರಟ. ಸೊಲ್ಲಾಪುರದ ಕೆರೆ ಇಂದಿಗೂ ಇದೆ.

ಅಲ್ಲಮ ಅಷ್ಟು ಕಠಿಣವಾಗಿ ಮಾತಾಡಬೇಕಿತ್ತೇ ಎಂದು ನನಗೆ ಈಗಲೂ ಅನ್ನಿಸುತ್ತದೆ. ನೀರಿಲ್ಲದ ಊರಿನವನಿಗೆ ಕೆರೆ ಕಟ್ಟಿದವನ ಮೇಲೆ ಸ್ವಲ್ಪ ಪಕ್ಷಪಾತ ಇರುತ್ತದೆ, ಅಲ್ವಾ? ಆದರೂ ಪ್ರಶ್ನೆ ಸರಿಯಾದದ್ದೇ. ಸಿದ್ಧರಾಮನಂಥವನಿಗೇ ಆ ಪ್ರಶ್ನೆ ತಪ್ಪಲಿಲ್ಲ ಎಂದ ಮೇಲೆ, ಬಾವುಟ ಹಿಡಿದವರಿಗೂ ಅದು ತಪ್ಪುವುದಿಲ್ಲ, ಲೆಕ್ಕ ಬರೆದ ನನಗೂ ತಪ್ಪುವುದಿಲ್ಲ. ನನ್ನ ಗೆಳೆಯನಿಗೆ ಇದನ್ನೆಲ್ಲ ಹೇಳಿದೆ. “ಹಾಗಾದ್ರೆ ದುಡ್ಡೇ ಬೇಕಿಲ್ವಾ?” ಎಂದು ಕೇಳಿ, ನನ್ನ ಟೀ ದುಡ್ಡನ್ನೂ ಅವನೇ ಕೊಟ್ಟ.

ಮುಂದಿನ ಜಾತ್ರೆಯ ಸುದ್ದಿಯಲ್ಲಿ ಹರಾಜಿನ ಮೊತ್ತ ಖಂಡಿತ ಹಾಕಿ. ಅದರ ಕೆಳಗೆ ಮುಕ್ತಿ ಎಂದರೆ ಏನೆಂದು ನಾಲ್ಕು ಸಾಲು ಬರೆಸಿ. ನಮ್ಮ ಜಿಲ್ಲೆಯಲ್ಲಿ ಮಠಗಳಿಗೂ ಕಡಿಮೆ ಇಲ್ಲ, ವಚನ ಓದಿದ ಮೇಷ್ಟ್ರುಗಳಿಗೂ ಕಡಿಮೆ ಇಲ್ಲ.

ಪತ್ರ ಉದ್ದವಾಯಿತು, ಗೊತ್ತು. ಕತ್ತರಿ ಹಾಕುವುದಾದರೆ ಸಾಹುಕಾರರ ಭಾಗಕ್ಕೆ ಹಾಕಿ. ಅಮ್ಮನ ಹಾಲಿನ ಮಾತು ಇರಲಿ.

ಇಂತಿ ನಿಮ್ಮ ಹಳೆಯ ಓದುಗ,
ಚಿತ್ರದುರ್ಗ