ಸಾಕ್ಷಿದಾರರಿಲ್ಲದೆ ಗೆದ್ದ ಕೇಸು

ಸಂಪಾದಕರಿಗೆ ನಮಸ್ಕಾರ.

ಯಾವುದೋ ದೇಶದ ನಾಯಕನ ಮೇಲೆ ಹೇಗ್‌ನ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ ವಾರಂಟ್ ಹೊರಡಿಸಿತು ಎಂಬ ಸುದ್ದಿ ಬಂದಾಗಲೆಲ್ಲ ನಮ್ಮ ಗದಗಿನ ಚಹಾದಂಗಡಿಯಲ್ಲಿ ಒಂದೇ ಮಾತು: ‘ಅವನನ್ನ ಹಿಡಿಯೋರು ಯಾರು? ಸುಮ್ನೆ ಕಾಗದ.’ ನನ್ನ ನೌಕರಿ ಪೂರಾ ಈ ಭಾಗದ ಕೋರ್ಟುಗಳ ರೆಕಾರ್ಡ್ ರೂಮಿನಲ್ಲಿ ಕಳೆದದ್ದು. ಕಾಗದವನ್ನು ಯಾರಾದರೂ ಹಗುರ ಮಾಡಿದರೆ ನನಗೆ ಸಹಿಸಲು ಆಗುವುದಿಲ್ಲ. ಅದಕ್ಕೇ ಬೆಂಜಮಿನ್ ಫೆರೆಂಜ್ ಎಂಬ ಅಮೆರಿಕದ ಸರ್ಕಾರಿ ವಕೀಲರ ಬಗ್ಗೆ ಬರೆಯುತ್ತಿದ್ದೇನೆ.

1920ರಲ್ಲಿ ಈಗಿನ ರೊಮೇನಿಯಾದ ಟ್ರಾನ್ಸಿಲ್ವೇನಿಯಾದಲ್ಲಿ ಹುಟ್ಟಿದ ಯಹೂದಿ ಕೂಸು. ವರ್ಷ ತುಂಬುವ ಮೊದಲೇ ಮನೆಯವರು ಅಮೆರಿಕಕ್ಕೆ ಹೋದರು. ತಂದೆ ನ್ಯೂಯಾರ್ಕಿನಲ್ಲಿ ಕಟ್ಟಡ ನೋಡಿಕೊಳ್ಳುವ ಕೆಲಸಕ್ಕಿದ್ದರು. ಮಗ ಹಾರ್ವರ್ಡ್‌ನಲ್ಲಿ ಕಾನೂನು ಓದಿ, ಸಾದಾ ಸಿಪಾಯಿಯಾಗಿ ಎರಡನೇ ಮಹಾಯುದ್ಧಕ್ಕೆ ಹೋದ. ಕೊನೆಕೊನೆಗೆ ಅವನನ್ನು ಯುದ್ಧ ಅಪರಾಧಗಳ ತನಿಖೆಗೆ ಹಾಕಿದರು. ಬುಕೆನ್‌ವಾಲ್ಡ್, ಮೌಟ್‌ಹೌಸೆನ್‌ನಂಥ ನಾಜಿ ಶಿಬಿರಗಳು ಆಗಷ್ಟೇ ಬಿಡುಗಡೆಯಾಗಿದ್ದವು. ಅಲ್ಲಿ ಎಲ್ಲಿ ನೋಡಿದರೂ ಹೆಣಗಳು. ಅಂಥ ಕಡೆ ಈ ಹುಡುಗ ಹೋಗಿ ಹುಡುಕುತ್ತಿದ್ದದ್ದು ಶಿಬಿರದ ಆಫೀಸು! ಸತ್ತವರ ರಜಿಸ್ಟರು ಯಾರೂ ಸುಡುವ ಮೊದಲು ಕೈಗೆ ಸಿಗಬೇಕಲ್ಲ. ಇದನ್ನು ಓದಿದಾಗ, ಇವನು ನಮ್ಮವನು ಅನಿಸಿತು.

ಯುದ್ಧ ಮುಗಿದ ಮೇಲೆ, ನಾಜಿಗಳ ಮೇಲೆ ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ ನಡೆದ ವಿಚಾರಣೆಗಳಿಗಾಗಿ ಬರ್ಲಿನ್‌ನಲ್ಲಿ ದಾಖಲೆ ಹುಡುಕುವ ತಂಡದ ಹೊಣೆ ಅವರ ಮೇಲೆ ಬಿತ್ತು. ಅಲ್ಲಿ ತಂಡದವರೊಬ್ಬರಿಗೆ ಕೆಲವು ಫೈಲುಗಳು ಸಿಕ್ಕವು. ಐನ್‌ಸಾಟ್ಸ್‌ಗ್ರುಪೆನ್ ಎಂಬ ನಾಜಿ ಕೊಲೆ ಪಡೆಗಳು ಸೋವಿಯತ್ ನೆಲದಿಂದ ಕಳಿಸುತ್ತಿದ್ದ ವರದಿಗಳು ಅವು. ಯಾವ ಊರು, ಯಾವ ತುಕಡಿ, ಎಷ್ಟು ಜನರನ್ನು ಕೊಂದರು, ಎಲ್ಲವೂ ಟೈಪ್ ಆಗಿತ್ತು. ನಂಬರೂ ಇತ್ತು, ತಾರೀಕೂ ಇತ್ತು. 1941ರ ಸೆಪ್ಟೆಂಬರ್ 29, 30ರಂದು ಕೀವ್ ನಗರದಲ್ಲಿ 33,771 ಯಹೂದಿಗಳು. ಕೊನೆಯ ಆ ಒಂದನ್ನೂ ಬಿಡದೆ ಬರೆದಿಟ್ಟ ಗುಮಾಸ್ತ ಎಂಥ ಮನುಷ್ಯನಿರಬೇಕು! ಫೆರೆಂಜ್ ಕೂಡುವ ಯಂತ್ರ ಇಟ್ಟುಕೊಂಡು ಲೆಕ್ಕ ಹಾಕಿದರು. ಹತ್ತು ಲಕ್ಷ ದಾಟಿದ ಮೇಲೆ ಕೂಡುವುದನ್ನು ಬಿಟ್ಟರು.

ನ್ಯೂರೆಂಬರ್ಗ್‌ನ ಮುಖ್ಯ ಸರ್ಕಾರಿ ವಕೀಲ ಟೆಲ್ಫರ್ಡ್ ಟೇಲರ್ ಮೊದಲು ಆಗಲ್ಲ ಅಂದರು. ಹೊಸ ಕೇಸಿಗೆ ಮಂದಿಯಿಲ್ಲ, ರೊಕ್ಕವಿಲ್ಲ. ಹಾಗಾದರೆ ಇರುವ ಕೆಲಸದ ಜೊತೆ ನಾನೇ ನಡೆಸುತ್ತೇನೆ ಅಂದರು ಫೆರೆಂಜ್. ವಯಸ್ಸು 27. ಜೀವನದ ಮೊದಲ ಕೇಸು. ಆ ಪಡೆಗಳಲ್ಲಿ ಸುಮಾರು 3,000 ಜನ ಇದ್ದರೂ ಆರೋಪ ಹೊರಿಸಿದ್ದು 24 ಅಧಿಕಾರಿಗಳ ಮೇಲೆ ಮಾತ್ರ. ಕಟಕಟೆಯಲ್ಲಿ ಅಷ್ಟೇ ಜನ ಕೂರಲು ಜಾಗವಿತ್ತು ಎಂದು ಅವರೇ ಆಮೇಲೆ ಹೇಳುತ್ತಿದ್ದರು. ಕೋರ್ಟಿನಲ್ಲಿ ದುಡಿದವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ.

1947ರ ಸೆಪ್ಟೆಂಬರಿನಲ್ಲಿ ವಿಚಾರಣೆ ಶುರುವಾಯಿತು. ಸರ್ಕಾರದ ಕಡೆಯ ವಾದವನ್ನು ಅವರು ಎರಡೇ ದಿನದಲ್ಲಿ ಮುಗಿಸಿದರು. ಒಬ್ಬ ಸಾಕ್ಷಿದಾರನನ್ನೂ ಕರೆಯಲಿಲ್ಲ. ಹಾಜರುಪಡಿಸಿದ್ದೆಲ್ಲ ಆರೋಪಿಗಳ ಕಡೆಯವರೇ ಬರೆದ ಕಾಗದ. ನಮ್ಮಲ್ಲಿ ಹೊಲದ ತಕರಾರಿನಲ್ಲಿ ಸಾಕ್ಷಿ ಹೇಳಲು ಬಂದವನು ಎದುರಿಗೆ ಭಾವಮೈದುನನ ಮುಖ ಕಂಡಕೂಡಲೇ ಉಲ್ಟಾ ಹೊಡೆಯುತ್ತಾನೆ. ಹಳೆಯ ಉತಾರ ಯಾರ ಮುಖವನ್ನೂ ನೋಡುವುದಿಲ್ಲ.

ತೀರ್ಪಿನ ಹೊತ್ತಿಗೆ ಉಳಿದಿದ್ದ 22 ಜನರೂ ತಪ್ಪಿತಸ್ಥರೆಂದು ತೀರ್ಮಾನವಾಯಿತು. 14 ಜನರಿಗೆ ಮರಣದಂಡನೆ. ಆದರೆ 1951ರಲ್ಲಿ ಗಲ್ಲಿಗೇರಿದವರು ನಾಲ್ವರೇ. ಉಳಿದವರ ಶಿಕ್ಷೆ ಕಡಿಮೆಯಾಗುತ್ತಾ ಹೋಗಿ, 1958ರ ಹೊತ್ತಿಗೆ ಜೈಲಿನಲ್ಲಿ ಒಬ್ಬನೂ ಇರಲಿಲ್ಲ. ಇದು ಅನ್ಯಾಯವೇ. ಚಹಾದಂಗಡಿಯವರ ಸಿಟ್ಟಿನಲ್ಲೂ ಅಷ್ಟು ಹುರುಳಿದೆ. ಆದರೆ ಆ ಕೊಲೆಗಳು ನಡೆದೇ ಇಲ್ಲ ಎನ್ನುವ ದಾರಿ ಮುಚ್ಚಿತಲ್ಲ, ಅದೇನು ಸಣ್ಣದಾ?

ಫೆರೆಂಜ್ ಅಲ್ಲಿಗೇ ನಿಲ್ಲಲಿಲ್ಲ. ಬದುಕುಳಿದವರಿಗೆ ಜರ್ಮನಿಯಿಂದ ಪರಿಹಾರ ಕೊಡಿಸಲು ವರ್ಷಗಟ್ಟಲೆ ಓಡಾಡಿದರು. ಯುದ್ಧ ಅಪರಾಧಗಳಿಗೆ ಕಾಯಂ ನ್ಯಾಯಾಲಯ ಬೇಕೆಂದು ಬರೆದರು, ಭಾಷಣ ಮಾಡಿದರು. 2002ರಲ್ಲಿ ಅದು ಹೇಗ್‌ನಲ್ಲಿ ಶುರುವಾಯಿತು. ಅದರ ಮೊದಲ ವಿಚಾರಣೆ ಕಾಂಗೋದ ಲುಬಾಂಗಾನದು. ಮಕ್ಕಳ ಕೈಗೆ ಬಂದೂಕು ಕೊಟ್ಟವನು. 2011ರಲ್ಲಿ ಆ ಕೇಸಿನ ಕೊನೆಯ ವಾದದ ದಿನ 91 ವರ್ಷದ ಫೆರೆಂಜ್ ಎದ್ದು ನಿಂತು ಮಾತಾಡಿದರು. 2023ರಲ್ಲಿ ತೀರಿಕೊಂಡಾಗ ಅವರಿಗೆ 103.

ಅವರ ಅಮೆರಿಕವೇ ಆ ನ್ಯಾಯಾಲಯದ ಸದಸ್ಯನಲ್ಲ. ರಷ್ಯಾ, ಚೀನಾ ಇಲ್ಲ. ನಾವೂ ಇಲ್ಲ. ಆದರೂ ಫಿಲಿಪ್ಪೀನ್ಸ್‌ನ ಮಾಜಿ ಅಧ್ಯಕ್ಷ ಡುಟರ್ಟೆ 2025ರ ಮಾರ್ಚಿನಲ್ಲಿ ಹೇಗ್‌ಗೆ ಹೋಗಬೇಕಾಗಿ ಬಂದದ್ದು ಇಂಥದೇ ಒಂದು ‘ಸುಮ್ನೆ ಕಾಗದ’ದಿಂದ.

ಇನ್ನೊಂದು ಮಾತು. ಅದೇ ಯುದ್ಧದ ನಂತರ ಜಪಾನಿನ ನಾಯಕರ ಮೇಲೆ ನಡೆದ ಟೋಕಿಯೋ ವಿಚಾರಣೆ ಅಂದರೆ ನಮಗೆ ಭಿನ್ನ ತೀರ್ಪು ಬರೆದ ಭಾರತದ ನ್ಯಾಯಾಧೀಶ ರಾಧಾಬಿನೋದ್ ಪಾಲ್ ನೆನಪಾಗುತ್ತಾರೆ. ಅದೇ ಕೋರ್ಟಿನಲ್ಲಿ ಭಾರತದ ಪರ ಆರೋಪ ಮಂಡಿಸಲು ಹೋದವರು ಪಿ. ಗೋವಿಂದ ಮೆನನ್, ಮುಂದೆ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯಾದವರು. ಅವರ ಹೆಸರು ಎಷ್ಟು ಜನ ಕೇಳಿದ್ದಾರೆ?

ಧಾರವಾಡದ ಸಿದ್ದಪ್ಪ ಕಂಬಳಿ ಕಾನೂನು ಕಾಲೇಜು, ಹುಬ್ಬಳ್ಳಿ ನವನಗರದ ಕಾನೂನು ವಿಶ್ವವಿದ್ಯಾಲಯದ ಹಿರಿಯರು ಈ ಪತ್ರ ಓದಿದರೆ ಒಂದು ವಿನಂತಿ. ಅಣಕು ನ್ಯಾಯಾಲಯದಲ್ಲಿ ಹುಡುಗರು ಚೆನ್ನಾಗಿ ಮಾತಾಡುತ್ತಾರೆ, ಅದು ಬೇಕು. ಒಮ್ಮೆ ಅವರಿಗೆ ಸಾಕ್ಷಿದಾರರನ್ನೇ ಕೊಡಬೇಡಿ. ಹಳೆಯ ಕಾಗದದ ಒಂದು ಗಂಟು ಕೊಟ್ಟು, ಇದರಿಂದಲೇ ಕೇಸು ಸಾಬೀತು ಮಾಡಿ ಅನ್ನಿ. ಗಂಟು ಬಿಚ್ಚಿ ಮಿಸಲು ಜೋಡಿಸುವುದು, ತಾರೀಕು ತಾಳೆ ನೋಡುವುದು, ತಿದ್ದಿದ ಅಕ್ಷರ ಹಿಡಿಯುವುದು ಹೇಗೆಂದು ತೋರಿಸಲು ಕರೆದರೆ ನಾನು ಬರುತ್ತೇನೆ. ಬಸ್ ಚಾರ್ಜು ನನ್ನದೇ.

– ನಿವೃತ್ತ ಕೋರ್ಟ್ ನೌಕರ, ಮುಳಗುಂದ ನಾಕಾ, ಗದಗ