ಡಬ್ಬ, ಬಿಲ್ ಇಲ್ಲದ ಲ್ಯಾಪ್‌ಟಾಪ್: ಮೊದಲು ನೋಡಬೇಕಾದ್ದು ಬೀಗ

ಮಾನ್ಯ ಸಂಪಾದಕರಿಗೆ,

ಹಳೆಯ ಲ್ಯಾಪ್‌ಟಾಪ್ ಕೊಳ್ಳಲು ಹೊರಟವರಿಗೆ ಎಲ್ಲರೂ ಹೇಳುವ ಬುದ್ಧಿಮಾತು ಒಂದೇ: ಡಬ್ಬ, ಬಿಲ್ ಇಲ್ಲದಿದ್ದರೆ ಕೈ ಹಾಕಬೇಡಿ. ಈ ಮಾತು ಅರ್ಧ ಮಾತ್ರ ಸರಿ. ಸೆಕೆಂಡ್ ಹ್ಯಾಂಡ್ ಮಾಲಿನಲ್ಲಿ ಎಷ್ಟೋ ಯಂತ್ರಗಳು ಕಚೇರಿಗಳಿಂದ ಬಂದವು. ಮೂರು-ನಾಲ್ಕು ವರ್ಷ ಬಳಸಿದ ಮೇಲೆ ಕಂಪನಿಗಳು ಅವನ್ನು ಲಾಟಿನಲ್ಲಿ ಒಟ್ಟಿಗೆ ಮಾರಿಬಿಡುತ್ತವೆ. ಡಬ್ಬಗಳು ಎಂದೋ ರದ್ದಿಗೆ ಹೋಗಿರುತ್ತವೆ, ಬಿಲ್ ಇಡೀ ಲಾಟಿಗೆ ಒಂದೇ. ಇಂಥ ಯಂತ್ರಕ್ಕೆ ಡಬ್ಬ ಇಲ್ಲದಿರುವುದು ತೀರ ಸಹಜ. ಇನ್ನು ಡಬ್ಬ ಜೊತೆಗಿದೆ ಅಂದಮಾತ್ರಕ್ಕೆ ಯಂತ್ರ ಅದರದ್ದೇ ಎಂದು ನಂಬುವಂತಿಲ್ಲ. ಡಬ್ಬದ ಮೇಲಿನ ಸೀರಿಯಲ್ ನಂಬರನ್ನು ಯಂತ್ರದ್ದರ ಜೊತೆ ತಾಳೆ ನೋಡುವವರೇ ಕಡಿಮೆ.

ಬಿಲ್ ಇಲ್ಲದ್ದರಿಂದ ನಿಜವಾದ ಪೆಟ್ಟು ಬೀಳುವುದು ಬೇರೆ ಕಡೆ. ಯಂತ್ರದಲ್ಲಿ ಹಿಂದಿನ ಮಾಲೀಕರ ಬೀಗ, ಅಂದರೆ ಅವರ ಪಾಸ್‌ವರ್ಡೋ ಕಂಪನಿಯ ನೋಂದಣಿಯೋ, ಉಳಿದುಬಿಟ್ಟಿದ್ದರೆ, ಅದನ್ನು ತೆಗೆಸಿಕೊಡಿ ಎಂದು ತಯಾರಕರ ಬಳಿ ಹೋದಾಗ ಅವರು ಮೊದಲು ಕೇಳುವುದೇ ಖರೀದಿಯ ಬಿಲ್. ಅದು ಇದ್ದವರಿಗೆ ನಾಲ್ಕು ದಿನದ ಓಡಾಟ. ಇಲ್ಲದವರಿಗೆ ಕೊಟ್ಟ ಹಣ ನೀರಿಗೆ ಹಾಕಿದಂತೆ. ಆದ್ದರಿಂದ ಬಿಲ್ ಇಲ್ಲದ ಯಂತ್ರ ಕೊಳ್ಳುವವರು ಪರದೆಯ ಹೊಳಪು, ಮೈಮೇಲಿನ ಗೀರು ನೋಡುವುದಕ್ಕೂ ಮೊದಲು ಬೀಗಗಳನ್ನು ನೋಡಬೇಕು, ಅದೂ ಹಣ ಕೊಡುವ ಮುಂಚೆ.

ಶುರು ಮಾಡಬೇಕಾದ್ದು ಸೀರಿಯಲ್ ನಂಬರಿನಿಂದ. ಸಿಮ್ ಹಾಕುವ ಮಾದರಿಗಳನ್ನು ಬಿಟ್ಟರೆ ಲ್ಯಾಪ್‌ಟಾಪಿಗೆ ಮೊಬೈಲಿನ ಐಎಂಇಐಯಂಥ ಗುರುತಿಲ್ಲ; ನಮಗೆ ಸಿಗುವುದು ಸೀರಿಯಲ್ ನಂಬರ್ ಒಂದೇ. ಅದು ತಳದ ಮೇಲೆ ಅಂಟಿಸಿಯೋ ಅಚ್ಚೊತ್ತಿಯೋ ಇರುತ್ತದೆ, ಮದರ್‌ಬೋರ್ಡಿನ ಬಯೋಸ್ (ಯಂತ್ರ ಶುರುವಾಗುವಾಗ ಎಲ್ಲಕ್ಕಿಂತ ಮೊದಲು ಓಡುವ ಮೂಲ ತಂತ್ರಾಂಶ) ಒಳಗೂ ಇರುತ್ತದೆ. ಡೆಲ್ ಯಂತ್ರದಲ್ಲಿ ಇದಕ್ಕೆ ಸರ್ವಿಸ್ ಟ್ಯಾಗ್ ಎನ್ನುತ್ತಾರೆ, 7 ಅಕ್ಷರ-ಅಂಕಿಗಳದ್ದು. ಪವರ್ ಗುಂಡಿ ಒತ್ತಿದ ಕೂಡಲೇ ಡೆಲ್, ಏಸರ್, ಆಸುಸ್‌ಗಳಲ್ಲಿ ಎಫ್2, ಎಚ್‌ಪಿಯಲ್ಲಿ ಎಫ್10, ಥಿಂಕ್‌ಪ್ಯಾಡ್‌ನಲ್ಲಿ ಎಫ್1 ಬಡಿಯುತ್ತಿದ್ದರೆ ಬಯೋಸ್ ತೆರೆಯುತ್ತದೆ. ಒಳಗಿನ ನಂಬರ್, ತಳದ ನಂಬರ್ ಎರಡೂ ಒಂದೇ ಇರಬೇಕು. ತಳದ್ದನ್ನು ಕೆರೆದು ಹಾಕಿದ್ದರೆ ಮಾತುಕತೆ ಅಲ್ಲಿಗೇ ಮುಗಿಸಿ. ಒಳಗಿನ ಜಾಗ ಖಾಲಿ ಇದ್ದರೆ ಅಥವಾ ಬೇರೆ ನಂಬರ್ ಕಂಡರೆ ಬಹುಮಟ್ಟಿಗೆ ಬೋರ್ಡ್ ಬದಲಾಗಿದೆ ಎಂದರ್ಥ. ಬೋರ್ಡ್ ಬದಲಾಯಿಸುವುದು ತಪ್ಪೇನಲ್ಲ, ಆದರೆ ಮುಂದೆ ಹೇಳುವ ಬೀಗಗಳೂ ವಿಂಡೋಸ್ ಲೈಸೆನ್ಸೂ ಆ ಬೋರ್ಡಿಗೇ ಅಂಟಿಕೊಂಡಿರುವುದರಿಂದ ಅದು ಎಲ್ಲಿಂದ ಬಂತು ಎಂದು ಕೇಳಲೇಬೇಕು.

ಆಮೇಲೆ ನಿಮ್ಮ ಮೊಬೈಲಿನಲ್ಲೇ ತಯಾರಕರ ಸಪೋರ್ಟ್ ಪುಟ ತೆರೆದು ಆ ನಂಬರ್ ಹಾಕಿ. ಮಾದರಿಯ ಹೆಸರು, ವಾರಂಟಿ ಮುಗಿಯುವ ದಿನ ಬರುತ್ತವೆ. ಹಲವು ಕಂಪನಿಗಳಲ್ಲಿ ಕಾರ್ಖಾನೆಯಿಂದ ಯಾವ ಪ್ರೊಸೆಸರ್, ಎಷ್ಟು ರ‍್ಯಾಮ್ ಹಾಕಿ ಕಳಿಸಿದ್ದರು ಎಂಬುದೂ ಸಿಗುತ್ತದೆ. ಪುಟ ಒಂದು ಮಾದರಿ ಹೇಳಿ ಕೈಯಲ್ಲಿ ಇನ್ನೊಂದು ಇದ್ದರೆ, ಎರಡು ಯಂತ್ರ ಸೇರಿಸಿ ಒಂದು ಮಾಡಿದ್ದಾರೆ. ವಾರಂಟಿ ಇನ್ನೂ ಬಾಕಿ ಇದ್ದರೆ ಅದು ಸಾಮಾನ್ಯವಾಗಿ ಸೀರಿಯಲ್ ನಂಬರಿನ ಮೇಲೇ ನಡೆಯುತ್ತದೆ. ಕೆಲವರಲ್ಲಿ ಮಾಲೀಕತ್ವ ವರ್ಗಾವಣೆ ಅರ್ಜಿ ತುಂಬಬೇಕು. ಮಾರುವವರ ಸಹಕಾರ ಬೇಕಾದ ಆ ಕೆಲಸ ಅದೇ ದಿನ ಮುಗಿಯಲಿ.

ಇನ್ನು ಬೀಗಗಳು. ಮೊದಲನೆಯದು ಬಯೋಸ್ ಪಾಸ್‌ವರ್ಡ್. ಕೇಳದೆ ಒಳಗೆ ಬಿಟ್ಟಿತು ಎಂದು ಸಮಾಧಾನ ಪಡಬೇಡಿ. ಅಡ್ಮಿನ್ ಪಾಸ್‌ವರ್ಡ್ ಇದ್ದರೂ ನೋಡಲು ಬಿಡುವ, ಬದಲಿಸಲು ಬಿಡದ ಯಂತ್ರಗಳಿವೆ. ಅವುಗಳಲ್ಲಿ ಆಯ್ಕೆಗಳು ಮಸುಕಾಗಿ ಕಾಣುತ್ತವೆ. ಬೂಟ್ ಕ್ರಮ (ಯಂತ್ರ ಯಾವ ಡಿಸ್ಕಿನಿಂದ ಮೊದಲು ಶುರುವಾಗಬೇಕು ಎಂಬುದು) ಬದಲಿಸಿ, ಸೇವ್ ಮಾಡಿ, ರೀಸ್ಟಾರ್ಟ್ ಮಾಡಿ, ಮತ್ತೆ ಒಳಗೆ ಹೋಗಿ ಬದಲಾವಣೆ ಉಳಿದಿದೆಯೇ ನೋಡಿ. ಒಳಗಿನ ಗುಂಡುಬ್ಯಾಟರಿ ತೆಗೆದು ಹಾಕಿದರೆ ಪಾಸ್‌ವರ್ಡ್ ಹೋಗುತ್ತದೆ ಎಂದು ಮಾರುವವರು ಹೇಳಬಹುದು. ಅದು ಹಳೆಯ ಡೆಸ್ಕ್‌ಟಾಪುಗಳ ಕಾಲದ ಮಾತು. ಈಗಿನ ಲ್ಯಾಪ್‌ಟಾಪುಗಳಲ್ಲಿ ಪಾಸ್‌ವರ್ಡ್ ಕರೆಂಟ್ ಇಲ್ಲದಿದ್ದರೂ ಉಳಿಯುವ ಚಿಪ್ಪಿನಲ್ಲಿರುತ್ತದೆ. ಥಿಂಕ್‌ಪ್ಯಾಡ್‌ನ ಸೂಪರ್‌ವೈಸರ್ ಪಾಸ್‌ವರ್ಡ್ ಮರೆತರೆ ತಯಾರಕರು ಹೇಳುವ ಪರಿಹಾರ ಬೋರ್ಡ್ ಬದಲಾಯಿಸುವುದೊಂದೇ.

ಎರಡನೆಯ ಬೀಗಕ್ಕೆ ಅಲ್ಲೇ ಬಯೋಸ್‌ನ ಸೆಕ್ಯೂರಿಟಿ ಭಾಗದಲ್ಲಿ ಅಬ್ಸೊಲ್ಯೂಟ್ ಅಥವಾ ಕಂಪ್ಯೂಟ್ರೇಸ್ ಎಂಬ ಹೆಸರಿದೆಯೇ ಹುಡುಕಿ. ಕಳುವಾದ ಯಂತ್ರವನ್ನು ದೂರದಿಂದ ಪತ್ತೆಹಚ್ಚಲು, ಸ್ತಬ್ಧಗೊಳಿಸಲು ಕಂಪನಿಗಳು ಬಳಸುವ ವ್ಯವಸ್ಥೆ ಇದು. ಡಿಸ್ಕ್ ಬದಲಿಸಿದರೂ ಬಯೋಸ್‌ನಿಂದ ಮತ್ತೆ ವಿಂಡೋಸ್ ಒಳಗೆ ಬಂದು ಕೂರುತ್ತದೆ. ಅದು ಚಾಲೂ ಇದೆ ಎಂದು ಕಂಡರೆ, ಹಿಂದಿನ ಕಂಪನಿಯವರು ತಮ್ಮ ಪಟ್ಟಿಯಿಂದ ಬಿಡುಗಡೆ ಮಾಡುವವರೆಗೆ ಆ ಯಂತ್ರ ನಿಮ್ಮದಲ್ಲ.

ಎಲ್ಲಕ್ಕಿಂತ ಹೆಚ್ಚು ಜನ ಮೋಸಹೋಗುವುದು ಮೂರನೆಯ ಬೀಗದಲ್ಲಿ, ಯಾಕೆಂದರೆ ಕೊಳ್ಳುವ ದಿನ ಅದು ಕಣ್ಣಿಗೇ ಬೀಳುವುದಿಲ್ಲ. ವಿಂಡೋಸ್ ಆಟೋಪೈಲಟ್ ಎಂಬ ವ್ಯವಸ್ಥೆಯಲ್ಲಿ ಕಂಪನಿಗಳು ಪ್ರತಿ ಯಂತ್ರದ ಹಾರ್ಡ್‌ವೇರ್ ಗುರುತನ್ನು ಮೈಕ್ರೋಸಾಫ್ಟ್ ಬಳಿ ತಮ್ಮ ಹೆಸರಿನಲ್ಲಿ ನೋಂದಾಯಿಸಿಡುತ್ತವೆ. ನೋಂದಣಿ ಇರುವುದು ಅವರ ಸರ್ವರಿನಲ್ಲಿ. ಡಿಸ್ಕ್ ಫಾರ್ಮ್ಯಾಟ್ ಮಾಡಿದರೂ ಹೊಸ ಡಿಸ್ಕ್ ಹಾಕಿದರೂ ಅದಕ್ಕೆ ಏನೂ ಆಗದು. ಇಂಟರ್‌ನೆಟ್ ಕೊಡದೆ ವಿಂಡೋಸ್ ಹಾಕಿ, ಲೋಕಲ್ ಅಕೌಂಟ್ ಮಾಡಿಕೊಟ್ಟರೆ ಯಂತ್ರ ತಿಂಗಳುಗಟ್ಟಲೆ ಚೆನ್ನಾಗಿಯೇ ಓಡುತ್ತದೆ. ಎಂದೋ ಒಂದು ದಿನ ರೀಸೆಟ್ ಮಾಡಿದಾಗ ಗೊತ್ತಿಲ್ಲದ ಕಂಪನಿಯ ಹೆಸರು ಬಂದು ಕಚೇರಿಯ ಇಮೇಲ್ ಕೇಳುತ್ತದೆ. ಅಷ್ಟು ಹೊತ್ತಿಗೆ ಮಾರಿದವರ ನಂಬರ್ ಸ್ವಿಚ್ ಆಫ್.

ಇದನ್ನು ಪರೀಕ್ಷಿಸಲು ಅಡ್ಡದಾರಿ ಇಲ್ಲ, ಪೂರ್ತಿ ರೀಸೆಟ್ ಮಾಡಿಯೇ ನೋಡಬೇಕು. ಒಂದು ಗಂಟೆಯಾದರೂ ಬಿಡುವು ಇಟ್ಟುಕೊಂಡು ಹೋಗಿ. ಸೆಟ್ಟಿಂಗ್ಸ್‌ನ ರಿಕವರಿಯಲ್ಲಿ ಎಲ್ಲವನ್ನೂ ಅಳಿಸುವ ಆಯ್ಕೆ ಒತ್ತಿ, ಅಥವಾ 8 ಜಿಬಿಗೆ ಕಡಿಮೆಯಿಲ್ಲದ ಪೆನ್‌ಡ್ರೈವ್‌ನಲ್ಲಿ ವಿಂಡೋಸ್ 11 ಹಾಕಿಕೊಂಡು ಹೋಗಿ ಹೊಸದಾಗಿ ಇನ್‌ಸ್ಟಾಲ್ ಮಾಡಿ. ಆಟೋಪೈಲಟ್ ನಡೆಯುವುದು ಪ್ರೊ, ಎಂಟರ್‌ಪ್ರೈಸ್, ಎಜುಕೇಶನ್ ಬಗೆಯ ಆವೃತ್ತಿಗಳಲ್ಲಿ, ಹೋಮ್‌ನಲ್ಲಿ ಅಲ್ಲ; ಹಾಗಾಗಿ ಪ್ರೊ ಆವೃತ್ತಿಯಲ್ಲೇ ಪರೀಕ್ಷಿಸಿ. ಮುಗಿದ ಮೇಲೆ ದೇಶ, ಕೀಬೋರ್ಡ್ ಆರಿಸಿ, ನಿಮ್ಮ ಮೊಬೈಲಿನ ಹಾಟ್‌ಸ್ಪಾಟ್ ಕೊಡಿ. ಪರದೆ ಕೆಲ ನಿಮಿಷ ಸುತ್ತುತ್ತಾ ಇರುತ್ತದೆ. ಆನಂತರ ಸ್ವಂತ ಬಳಕೆಗೋ ಕಚೇರಿ-ಶಾಲೆಗೋ ಎಂದು ಆಯ್ಕೆ ಕೇಳಿದರೆ ಯಂತ್ರ ಸ್ವತಂತ್ರ. ಆಯ್ಕೆಯನ್ನೇ ಕೊಡದೆ ಯಾವುದೋ ಸಂಸ್ಥೆಯ ಹೆಸರು ಹೇಳಿ ಸ್ವಾಗತಿಸಿದರೆ ಯಂತ್ರವನ್ನು ಅಲ್ಲೇ ಬಿಟ್ಟು ಎದ್ದು ಬನ್ನಿ. ರೀಸೆಟ್‌ಗೆ ಒಪ್ಪದವರಿಂದ, ಅಥವಾ ನೆಟ್ ಕೊಡಬೇಡಿ ಎನ್ನುವವರಿಂದ ಕೊಳ್ಳಬೇಡಿ. ಹೊಸದಾಗಿ ಇನ್‌ಸ್ಟಾಲ್ ಮಾಡುವುದರಿಂದ ಇನ್ನೊಂದು ಅನುಕೂಲವೂ ಇದೆ: ಹಳೆಯ ಡಿಸ್ಕಿಗೆ ಬಿಟ್‌ಲಾಕರ್ (ಡಿಸ್ಕಿನಲ್ಲಿರುವುದನ್ನು ಗೂಢಲಿಪಿ ಮಾಡಿಡುವ ವಿಂಡೋಸ್ ಬೀಗ) ಹಾಕಿದ್ದರೆ ಮುಂದೆ ಬಯೋಸ್ ಅಪ್‌ಡೇಟ್ ಆದಾಗ 48 ಅಂಕಿಯ ಕೀ ಕೇಳಿ ನಿಂತುಬಿಡುತ್ತದೆ, ಆ ಕೀ ಇರುವುದು ಹಳೆಯ ಮಾಲೀಕರ ಅಕೌಂಟಿನಲ್ಲಿ. ಆ ಭಯವೂ ಇದರಿಂದ ಹೋಗುತ್ತದೆ.

ಮ್ಯಾಕ್‌ಬುಕ್‌ನಲ್ಲಿ ಇದೇ ಕಥೆ ಎರಡು ಹೆಸರಿನಲ್ಲಿ ಬರುತ್ತದೆ. 2018ರಿಂದ ಬಂದ ಟಿ2 ಚಿಪ್ಪಿನವಕ್ಕೂ 2020ರ ಕೊನೆಯಿಂದ ಬಂದ ಎಂ ಸರಣಿಯವಕ್ಕೂ ಹಿಂದಿನ ಮಾಲೀಕರ ಆ್ಯಪಲ್ ಅಕೌಂಟ್ ಇಲ್ಲದೆ ತೆರೆಯದ ಆ್ಯಕ್ಟಿವೇಶನ್ ಲಾಕ್ ಇದೆ. ಮಾರುವವರು ನಿಮ್ಮ ಕಣ್ಣೆದುರೇ ತಮ್ಮ ಆ್ಯಪಲ್ ಅಕೌಂಟಿನಿಂದ ಸೈನ್ ಔಟ್ ಆಗಿ, ಪೂರ್ತಿ ಅಳಿಸಿ, ನೆಟ್ ಕೊಟ್ಟು ಹೊಸದಾಗಿ ಶುರುಮಾಡಿ ತೋರಿಸಬೇಕು. ಆಗ ರಿಮೋಟ್ ಮ್ಯಾನೇಜ್‌ಮೆಂಟ್ ಎಂಬ ಪರದೆ ಬಂದರೆ ಅದೂ ಯಾವುದೋ ಸಂಸ್ಥೆಯ ಸ್ವತ್ತು. ಕ್ರೋಮ್‌ಬುಕ್ ಆದರೆ ಲಾಗಿನ್ ಪರದೆಯಲ್ಲಿ ಸಂಸ್ಥೆಯ ಹೆಸರಿಲ್ಲವೇ, ಅಪ್‌ಡೇಟ್ ಎಂದಿನವರೆಗೆ ಸಿಗುತ್ತದೆ, ಈ ಎರಡು ನೋಡಿದರೆ ಸಾಕು.

ಬೀಗ ಇಲ್ಲ ಎಂದು ಖಾತ್ರಿಯಾದ ಮೇಲೆ ಪ್ರೊಸೆಸರ್. ಕೈಯೂರುವ ಜಾಗದಲ್ಲಿರುವ ಐ5 ಸ್ಟಿಕರ್ ಏನನ್ನೂ ಹೇಳುವುದಿಲ್ಲ. ಐ5-7200ಯು, ಐ5-8250ಯು ಎರಡೂ ಐ5ಗಳೇ. ಆದರೆ ಮೊದಲನೆಯದು 7ನೇ ಪೀಳಿಗೆ, ಎರಡನೆಯದು 8ನೇದು. ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯ ಜೊತೆಗೆ ಇಂಟೆಲ್‌ನಲ್ಲಿ ಸಾಮಾನ್ಯವಾಗಿ 8ನೇ ಪೀಳಿಗೆ, ಎಎಂಡಿ ಲ್ಯಾಪ್‌ಟಾಪುಗಳಲ್ಲಿ ರೈಜನ್ 3000 ಸರಣಿಯಾದರೂ ಬೇಕು. ಪಕ್ಕಪಕ್ಕದಲ್ಲಿಟ್ಟರೆ ವ್ಯತ್ಯಾಸ ತಿಳಿಯದ ಎರಡು ಯಂತ್ರಗಳಲ್ಲಿ ಒಂದಕ್ಕೆ ಅಧಿಕೃತ ಅಪ್‌ಡೇಟ್ ಇದೆ, ಇನ್ನೊಂದಕ್ಕೆ ಇಲ್ಲ. ವಿಂಡೋಸ್ ಲೈಸೆನ್ಸ್ ಶಾಶ್ವತವೋ ತಾತ್ಕಾಲಿಕವೋ ಎಂದು ನೋಡಲು ಕಮಾಂಡ್ ಪ್ರಾಂಪ್ಟಿನಲ್ಲಿ ಎಸ್‌ಎಲ್‌ಎಂಜಿಆರ್ ಎಂದು ಟೈಪ್ ಮಾಡಿ, ಒಂದು ಜಾಗ ಬಿಟ್ಟು, ಸ್ಲ್ಯಾಶ್ ಹಾಕಿ ಎಕ್ಸ್‌ಪಿಆರ್ ಎಂದು ಸೇರಿಸಿ. ಶಾಶ್ವತ ಎಂದು ಬರಬೇಕು. ಆರು ತಿಂಗಳೊಳಗಿನ ಯಾವುದೋ ತಾರೀಕು ತೋರಿಸಿದರೆ ಅದು ಕಂಪನಿಗಳಿಗೆ ಕೊಡುವ 180 ದಿನದ ಲೈಸೆನ್ಸ್ ಬಗೆಯದ್ದು.

ಬ್ಯಾಟರಿಗೂ ಹೀಗೆಯೇ ಒಂದು ಕಮಾಂಡ್ ಇದೆ: ಪವರ್‌ಸಿಎಫ್‌ಜಿ, ಒಂದು ಜಾಗ, ಸ್ಲ್ಯಾಶ್, ಬ್ಯಾಟರಿರಿಪೋರ್ಟ್. ಅದು ಒಂದು ಫೈಲ್ ಮಾಡಿ, ಎಲ್ಲಿಟ್ಟಿದೆ ಎಂದು ಹೇಳುತ್ತದೆ. ಬ್ರೌಸರಿನಲ್ಲಿ ತೆರೆದು ಡಿಸೈನ್ ಕೆಪಾಸಿಟಿ, ಫುಲ್ ಚಾರ್ಜ್ ಕೆಪಾಸಿಟಿ ಎರಡನ್ನೂ ಹೋಲಿಸಿ. 50,000ಕ್ಕೆ 31,000 ಎಂದಿದ್ದರೆ ಉಳಿದಿರುವುದು ಶೇ 62. ಶೇ 80ಕ್ಕಿಂತ ಮೇಲಿದ್ದರೆ ಚೆನ್ನ. 60ರ ಆಸುಪಾಸಿನಲ್ಲಿದ್ದರೆ ಹೊಸ ಬ್ಯಾಟರಿಯ ಬೆಲೆ ಕಳೆದು ಮಾತಾಡಿ. ಐದು ವರ್ಷದ ಯಂತ್ರದಲ್ಲಿ ಎರಡೂ ಸಂಖ್ಯೆ ಒಂದೇ ಇದ್ದರೆ ಬ್ಯಾಟರಿ ಹೊಸದು ಹಾಕಿರಬಹುದು, ಸಂಖ್ಯೆಯನ್ನು ತಿದ್ದಿರಲೂಬಹುದು. ಚಾರ್ಜರ್ ಕಿತ್ತು ಅರ್ಧ ಗಂಟೆ ವಿಡಿಯೊ ಓಡಿಸಿ. 70ರಿಂದ ಧುತ್ತೆಂದು 40ಕ್ಕೆ ಇಳಿದರೆ ವರದಿ ಏನೇ ಹೇಳಲಿ, ಸೆಲ್ ಸತ್ತಿದೆ. ಟಚ್‌ಪ್ಯಾಡ್ ಉಬ್ಬಿದ್ದರೆ, ಒತ್ತಿದರೆ ಕ್ಲಿಕ್ ಆಗದಿದ್ದರೆ, ಮೇಜಿನ ಮೇಲಿಟ್ಟಾಗ ಒಂದು ಮೂಲೆ ಆಡುತ್ತಿದ್ದರೆ ಒಳಗೆ ಬ್ಯಾಟರಿ ಊದಿರುವ ಸಂಭವವಿದೆ. ಅದನ್ನು ಚಾರ್ಜಿಗೂ ಹಾಕಬೇಡಿ, ಬೆಂಕಿ ಹತ್ತುವ ವಸ್ತು ಅದು.

ಡಿಸ್ಕಿನ ಆಯುಸ್ಸು ನೋಡಲು ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ತಂತ್ರಾಂಶ ಸಾಕು. ದಿನಕ್ಕೆ 8 ಗಂಟೆ, ವರ್ಷಕ್ಕೆ 250 ದಿನ ಎಂದರೆ 2,000 ಗಂಟೆ; ನಾಲ್ಕು ವರ್ಷದ ಕಚೇರಿ ಯಂತ್ರದಲ್ಲಿ 8,000 ಗಂಟೆ ಕಂಡರೆ ಗಾಬರಿ ಬೇಡ. ಕಾಶನ್ ಎಂದು ಹಳದಿ ಬಣ್ಣವನ್ನೋ ಬ್ಯಾಡ್ ಎಂದು ಕೆಂಪು ಬಣ್ಣವನ್ನೋ ತೋರಿಸಿದರೆ ಮಾತ್ರ ಡಿಸ್ಕ್ ಬದಲಿಸುವ ಲೆಕ್ಕ ಹಾಕಿ. ಪರದೆಯನ್ನು ಪೂರ್ತಿ ಬಿಳಿ, ಪೂರ್ತಿ ಕಪ್ಪು ಮಾಡಿ ಚುಕ್ಕೆ ನೋಡಿ, ಎಲ್ಲ ಕೀ ಒತ್ತಿ, ಎಲ್ಲ ಪೋರ್ಟಿಗೂ ಪೆನ್‌ಡ್ರೈವ್ ಹಾಕಿ, ಕ್ಯಾಮೆರಾ, ಮೈಕ್, ವೈಫೈ ನೋಡಿ. ಹಿಂಜ್ ಮಾತ್ರ ನಿಧಾನಕ್ಕೆ: ಮುಚ್ಚಳ ತೆರೆಯುವಾಗ ಕೀಬೋರ್ಡಿನ ಹಿಂಬದಿಯ ಮೂಲೆ ಮೇಲೇಳುತ್ತಿದ್ದರೆ ಒಳಗಿನ ಪ್ಲಾಸ್ಟಿಕ್ಕಿನಿಂದ ಸ್ಕ್ರೂ ಕಿತ್ತುಬಂದಿದೆ, ಮುಂದೆ ಪರದೆಯ ಕೇಬಲ್ಲಿಗೂ ಅಪಾಯ. ಡಬ್ಬ ಇಲ್ಲದ ಯಂತ್ರದ ಜೊತೆ ಅಸಲಿ ಚಾರ್ಜರ್ ಬರುವುದೂ ಅಪರೂಪ. ಡೆಲ್ ಯಂತ್ರ ಅಡಾಪ್ಟರನ್ನು ಗುರುತಿಸದಿದ್ದರೆ ಪ್ರೊಸೆಸರಿನ ವೇಗ ಇಳಿಸುತ್ತದೆ, ಬ್ಯಾಟರಿ ತುಂಬದೆಯೂ ಇರಬಹುದು. ಎಷ್ಟು ವ್ಯಾಟ್ ಎಂದು ಬಯೋಸ್‌ನಲ್ಲೇ ಓದಿ.

ಕೊನೆಗೆ, ಇಲ್ಲದ ಬಿಲ್ಲಿನ ಜಾಗದಲ್ಲಿ ನೀವೇ ಒಂದು ಕಾಗದ ಬರೆಯಿರಿ. ಮಾದರಿ, ಸೀರಿಯಲ್ ನಂಬರ್, ಚಾರ್ಜರ್ ಕೊಟ್ಟಿದ್ದಾರೋ ಇಲ್ಲವೋ, ಮೊತ್ತ, ತಾರೀಕು, ಯಂತ್ರ ತನಗೆ ಎಲ್ಲಿಂದ ಬಂತು ಎಂದು ಮಾರುವವರದೇ ಒಂದು ಸಾಲು, ಇಬ್ಬರ ಸಹಿ, ಮಾರುವವರ ಗುರುತಿನ ಚೀಟಿಯ ಪ್ರತಿ. ಹಣ ಬ್ಯಾಂಕಿನ ಮೂಲಕ ಹೋಗಲಿ. ಕದ್ದ ಮಾಲು ಎಂದು ಸಾಬೀತಾದರೆ ಈ ಕಾಗದದಿಂದ ಯಂತ್ರ ನಿಮ್ಮದಾಗುವುದಿಲ್ಲ, ಆದರೆ ನೀವು ನಂಬಿ ಕೊಂಡಿರಿ, ಯಾರಿಂದ ಕೊಂಡಿರಿ ಎಂದು ತೋರಿಸಲು ಕೈಯಲ್ಲಿ ಏನಾದರೂ ಇರುತ್ತದೆ. ಗುರುತಿನ ಚೀಟಿ ಕೇಳಿದ ಕೂಡಲೇ ಬೆಲೆ ಇಳಿಸಲು ಶುರುಮಾಡುವವರ ಬಳಿ ನಿಲ್ಲಬೇಡಿ.

ಇಷ್ಟನ್ನೂ ಕೊಳ್ಳುವವರ ತಲೆಗೇ ಕಟ್ಟುವುದು ನ್ಯಾಯವಲ್ಲ ಎಂಬುದು ಈ ಪತ್ರ ಬರೆಯಲು ಮುಖ್ಯ ಕಾರಣ. ಲಾಟಿನಲ್ಲಿ ಮಾರುವ ಕಚೇರಿ, ಕಾಲೇಜುಗಳ ಕಂಪ್ಯೂಟರ್ ವಿಭಾಗದವರು ಯಂತ್ರಗಳನ್ನು ಹೊರಗೆ ಕಳಿಸುವ ಮುನ್ನ ಬಯೋಸ್ ಪಾಸ್‌ವರ್ಡ್ ತೆಗೆಯಲಿ, ಅಬ್ಸೊಲ್ಯೂಟ್‌ನಿಂದ ಬಿಡುಗಡೆ ಮಾಡಲಿ, ಆಟೋಪೈಲಟ್ ಪಟ್ಟಿಯಿಂದ ಹೆಸರು ಅಳಿಸಲಿ. ಅವರ ಕೈಯಲ್ಲಿರುವ ಸೀರಿಯಲ್ ಪಟ್ಟಿ ಎದುರಿಗಿಟ್ಟುಕೊಂಡರೆ ಇಡೀ ಲಾಟಿಗೆ ಒಂದು ಮಧ್ಯಾಹ್ನದ ಕೆಲಸ. ಜೊತೆಗೆ ಪ್ರತಿ ಯಂತ್ರಕ್ಕೂ ಅದರ ಸೀರಿಯಲ್ ನಂಬರ್, ಮಾರಿದ ತಾರೀಕು, ಸಂಸ್ಥೆಯ ಮೊಹರು ಇರುವ ಅಂಗೈಯಗಲದ ಚೀಟಿಯೊಂದನ್ನು ತಳಕ್ಕೆ ಅಂಟಿಸಿ ಕಳಿಸಲಿ.

ಇಂತಿ,
ಲ್ಯಾಪ್‌ಟಾಪ್ ದುರಸ್ತಿ ಕೆಲಸದವರು